ಹಚ್ಚೊಳ್ಳಿ ಕವಣೆಯನ್ನು ಸೇನಾ ವ್ಯವಸ್ಥೆಯಾಗಿ ಅಭಿವೃದ್ಧಿಪಡಿಸುವ ಬಗ್ಗೆ

ಅಗ್ಗದ ಸೇನಾ ತಂತ್ರಜ್ಞಾನ ಸಂಶೋಧನಾ ಶಾಖೆಯ ಕಾರ್ಯಾಲಯ, ಬಳ್ಳಾರಿ

ಸಂಖ್ಯೆ: ಅಸೇತಂ/ಕವಣೆ/ಹಚ್ಚೊಳ್ಳಿ/66-67
ದಿನಾಂಕ: 6-2-1967

ಸುತ್ತೋಲೆ

ವಿಷಯ: ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯನ್ನು ಕಡಿಮೆ ವೆಚ್ಚದ ಆಯುಧ ವ್ಯವಸ್ಥೆಯನ್ನಾಗಿಸುವ ಸಂಶೋಧನೆ ಹಾಗೂ ಅದರ ಆದ್ಯತೆಗಳು.

ಉಲ್ಲೇಖ: (1) ಸಹಾಯಕ ಸಂಶೋಧನಾಧಿಕಾರಿಯವರ ಟೋಪಿ.
(2) ಶ್ರೀಮತಿ ಜಡೆಮ್ಮ ಕೋಂ ಮೂಕಪ್ಪ, ಹಚ್ಚೊಳ್ಳಿ, ಇವರ ಮೌಖಿಕ ಮನವಿಗಳು (ಹಲವು).

ದೇಶದ ಶತ್ರುಗಳು ದಿನೇ ದಿನೇ ದುಬಾರಿಯಾಗುತ್ತಿದ್ದು, ಅವರನ್ನು ಅಗ್ಗದಲ್ಲಿ ಎದುರಿಸುವ ಹೊಣೆ ಈ ಶಾಖೆಯ ಹೆಗಲಿಗೆ ಬಿದ್ದಿರುತ್ತದೆ. ಹೀಗಿರುವಾಗ, ಹಚ್ಚೊಳ್ಳಿಯ ಕಾಲುವೆ ಏರಿಯ ಮೇಲೆ ಜೀಪಿನಲ್ಲಿ ಪ್ರವಾಸದಲ್ಲಿದ್ದ ಸಹಾಯಕ ಸಂಶೋಧನಾಧಿಕಾರಿಯವರ ಟೋಪಿಯನ್ನು ಒಂದು ಕವಣೆಕಲ್ಲು ತಲೆಗೆ ಸ್ವಲ್ಪವೂ ಧಕ್ಕೆಯಾಗದಂತೆ ಹಾರಿಸಿಕೊಂಡು ಹೋಯಿತು. ಕಲ್ಲನ್ನು ಬೀಸಿದವರು ಹೊಲದ ಅಟ್ಟಣಿಗೆಯ ಮೇಲೆ ನಿಂತಿದ್ದ ಮೇಲ್ಕಂಡ ಜಡೆಮ್ಮನವರು. ಸದರಿಯವರು ತಾವು ಗಿಣಿಗೆ ಗುರಿಯಿಟ್ಟಿದ್ದಾಗಿ ತಿಳಿಸಿದ್ದು, ಅದನ್ನು ವಿನಯವೆಂದು ಪರಿಗಣಿಸಲಾಗಿದೆ. ಕವಣೆಯನ್ನು ಸ್ಥಳದಲ್ಲಿಯೇ ವಶಪಡಿಸಿಕೊಂಡು ಈ ಕೆಳಗಿನಂತೆ ಆದೇಶಿಸಲಾಗಿದೆ.

1. ವ್ಯವಸ್ಥಾ ಎಂಜಿನಿಯರಿಂಗ್ ನಿಯಮಗಳ ಮೇರೆಗೆ ಯಾವ ವಸ್ತುವನ್ನೂ ಇಡಿಯಾಗಿ ಇರಗೊಡತಕ್ಕದ್ದಲ್ಲ. ಆದ್ದರಿಂದ ಕವಣೆಯನ್ನು ಕಲ್ಲು, ಹಗ್ಗ, ಕೂಗು ಮತ್ತು ಬಲಗೈ ಎಂಬ ಉಪವ್ಯವಸ್ಥೆಗಳಾಗಿ ವಿಂಗಡಿಸಿ, ಕ್ರಮವಾಗಿ ಕುರುಗೋಡು, ಸಿರುಗುಪ್ಪ, ತೆಕ್ಕಲಕೋಟೆ ಮತ್ತು ಬಳ್ಳಾರಿಗೆ ಹಂಚಲಾಗಿದೆ. ಒಂದು ಉಪವ್ಯವಸ್ಥೆಯು ಇನ್ನೊಂದನ್ನು ಲಿಖಿತ ಅನುಮತಿಯಿಲ್ಲದೆ ಮುಟ್ಟತಕ್ಕದ್ದಲ್ಲ.

2. ಸಂಶೋಧನೆಯ ಆದ್ಯತೆಗಳು ಹೀಗಿರತಕ್ಕದ್ದು: ಮೊದಲು ಕವಣೆಗೆ ಹೆಸರಿಡುವುದು, ತರುವಾಯ ಅದನ್ನಿಡಲು ಗಾಜಿನ ಬೀರು ತರಿಸುವುದು, ತರುವಾಯ ಬೀರುವಿನ ಕೀಲಿ ಯಾರ ಬಳಿ ಇರಬೇಕೆಂದು ತೀರ್ಮಾನಿಸುವುದು. ಗುರಿಗೆ ಹೊಡೆಯುವ ವಿಷಯವನ್ನು ಸಮಯ ಉಳಿದಲ್ಲಿ ಎತ್ತಿಕೊಳ್ಳಬಹುದು.

3. ಕುರುಗೋಡಿನಲ್ಲಿ ಗುಡ್ಡದ ತುಂಬ ಕಲ್ಲುಗಳಿದ್ದರೂ ಅವುಗಳಲ್ಲಿ ಯಾವುದೂ ಇದುವರೆಗೆ ಮಂಜೂರಾಗಿಲ್ಲ. ಮಂಜೂರಾಗುವವರೆಗೆ ಅವನ್ನು ಕಲ್ಲುಗಳೆಂದು ಕರೆಯಕೂಡದೆಂದು ಅಲ್ಲಿನ ಸಿಬ್ಬಂದಿಗೆ ಸೂಚಿಸಲಾಗಿದೆ.

4. ಸಿರುಗುಪ್ಪದವರು ಪುಂಡಿನಾರಿನ ಹಗ್ಗದ ಬಲ ತಿಳಿಯಲು ಅದರ ಹುರಿಯನ್ನು ಪೂರ್ತಿ ಬಿಚ್ಚಿ, ಪ್ರತಿಯೊಂದು ಎಳೆಯನ್ನೂ ಪರೀಕ್ಷಿಸಿ ವರದಿ ಕಳಿಸಿರುತ್ತಾರೆ. ವರದಿಯ ಪ್ರಕಾರ ನಾರೆಲ್ಲವೂ ಸುಸ್ಥಿತಿಯಲ್ಲಿದೆ, ಹಗ್ಗ ಮಾತ್ರ ಇಲ್ಲ. ಇದನ್ನು ಪ್ರಗತಿಯೆಂದು ದಾಖಲಿಸಿಕೊಳ್ಳಲಾಗಿದೆ.

5. ಕಲ್ಲು ಬೀಸುವಾಗ ಜಡೆಮ್ಮನವರು ಹಾಕುವ ಕೂಗಿನಲ್ಲಿ ಗಿಣಿಗಳ ತಾಯಿ, ಅಜ್ಜಿ ಮತ್ತು ವಂಶಸ್ಥರ ಕುರಿತ ಮಾತುಗಳಿದ್ದು, ಅವು ಸರ್ಕಾರಿ ಬಾಯಿಗೆ ತಕ್ಕವಲ್ಲ. ಆದ ಕಾರಣ ತೆಕ್ಕಲಕೋಟೆಯ ಗುಮಾಸ್ತ ಜೋಗಪ್ಪನವರು ಇನ್ನು ಮುಂದೆ ಹೀಗೆ ಕೂಗತಕ್ಕದ್ದು: 'ಎಲೈ ಪಕ್ಷಿಗಳೇ, ತಾವು ಈ ಕೂಡಲೇ ಚದುರತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.' ಹೊಳೆ ದಾಟಿ ಆಂಧ್ರದ ಕಡೆಯಿಂದ ಬರುವ ಪಕ್ಷಿಗಳ ಅನುಕೂಲಕ್ಕಾಗಿ ಇದನ್ನು ತೆಲುಗಿನಲ್ಲಿಯೂ ಕೂಗತಕ್ಕದ್ದು. ಪ್ರಾಯೋಗಿಕ ಕೂಗಿನ ವೇಳೆ ಪಕ್ಷಿಗಳು ಕೊನೆಯವರೆಗೂ ಕದಲದೆ ಕುಳಿತು ಕೇಳಿದ್ದು ಶ್ಲಾಘನೀಯ.

6. ಬಲಗೈಯನ್ನು ಬಳ್ಳಾರಿ ಕಚೇರಿಯಲ್ಲಿ ಇರಿಸಬೇಕಾಗಿದ್ದು, ಅದನ್ನು ಜಡೆಮ್ಮನವರಿಂದ ಬೇರ್ಪಡಿಸುವುದು ಸೂಕ್ತವಲ್ಲವೆಂದು ವೈದ್ಯರು ಅಭಿಪ್ರಾಯಪಟ್ಟಿರುವುದರಿಂದ, ಇಡೀ ಜಡೆಮ್ಮನವರು ಬಸ್ಸಿನಲ್ಲಿ ಬಂದು ಕಚೇರಿ ವೇಳೆ ಮುಗಿಯುವವರೆಗೆ ವರಾಂಡದ ಬೆಂಚಿನ ಮೇಲೆ ಕೂಡತಕ್ಕದ್ದು. ಉಣ್ಣುವಾಗ ಬಲಗೈ ಬಳಸಲು ಮಾನವೀಯ ನೆಲೆಯಲ್ಲಿ ಅನುಮತಿ ನೀಡಲಾಗಿದೆ. ತುರಿಸಿಕೊಳ್ಳಲು ಎಡಗೈ ಇದ್ದೇ ಇದೆ.

7. ಜಡೆಮ್ಮನವರು ಬೆಂಚಿನ ಮೇಲಿದ್ದ ಅವಧಿಯಲ್ಲಿ ನೆರೆಹೊಲದ ಪಕ್ಕೀರಮ್ಮ ಎಂಬುವರು ತಗಡಿನ ಡಬ್ಬಿ ಬಡಿದು ಸದರಿ ಹೊಲದ ಹಕ್ಕಿ ಓಡಿಸಲು ಮುಂದಾಗಿದ್ದು ಗಮನಕ್ಕೆ ಬಂದಿರುತ್ತದೆ. ತಗಡಿನ ಡಬ್ಬಿಯು ಮುಂದಿನ ಯೋಜನೆಯಲ್ಲಿ ಬರುವ ಆಯುಧವಾಗಿದ್ದು, ಅದನ್ನು ಈಗಲೇ ಬಡಿದು ಶತ್ರುವಿಗೆ ಗುಟ್ಟು ಬಿಟ್ಟುಕೊಡಬಾರದೆಂದು ಡಬ್ಬಿಯನ್ನೂ ವಶಪಡಿಸಿಕೊಳ್ಳಲಾಗಿದೆ. ಹೊಸ ಕವಣೆ ಹೆಣೆದಲ್ಲಿ ಅಕ್ರಮ ಶಸ್ತ್ರ ತಯಾರಿಕೆಯೆಂದು ಕ್ರಮ ಜರುಗಿಸಲಾಗುವುದು.

8. ಈ ನಡುವೆ ಜಡೆಮ್ಮನವರು ಬೆಂಚಿನಿಂದ ಎದ್ದು ಬಂದು ಸಲ್ಲಿಸಿದ ಮನವಿಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಕವಣಿ ನೀವಾ ಇಟ್ಕೊಳ್ರಿ ಸಾಹೇಬ್ರ, ನನ್ನ ಕೈ ನನಗ ಕೊಡ್ರಿ. ತೆನಿ ಹಾಲು ತುಂಬೈತಿ, ಗಿಣಿ ಹಿಂಡ್ಹಿಂಡು ಕುಂತಾವು. ಈ ಜ್ವಾಳ ಹೋತಂದ್ರ ನಮ್ಮ ಮನ್ಯಾಗ ವರ್ಷದ ರೊಟ್ಟಿ ಹೋತು." ಇದನ್ನು ಕೇಳಿ ಸಹಾಯಕ ಸಂಶೋಧನಾಧಿಕಾರಿಯವರ ಕರುಳು ಚುರುಕ್ಕೆಂದದ್ದು ನಿಜ. ಆದರೆ ಕರುಳು ಯಾವ ಉಪವ್ಯವಸ್ಥೆಯಲ್ಲಿಯೂ ಸೇರಿಲ್ಲವಾದ್ದರಿಂದ ಮುಂದಿನ ಕ್ರಮ ಜರುಗಿಸಲು ಅವಕಾಶವಿರಲಿಲ್ಲ.

9. ಕಡೆಗೆ, ಎಲ್ಲ ಉಪವ್ಯವಸ್ಥೆಗಳನ್ನೂ ಒಂದುಗೂಡಿಸಿ ಪರೀಕ್ಷಿಸಲು ಸಿಬ್ಬಂದಿ ವರ್ಗವು ಜಡೆಮ್ಮನವರ ಹೊಲಕ್ಕೆ ತೆರಳಿತು. ಕಲ್ಲಿಗೆ ಮಂಜೂರಾತಿ ಬಂದಿರಲಿಲ್ಲ, ನಾರು ಚೀಲದಲ್ಲಿತ್ತು, ಜೋಗಪ್ಪನವರ ಗಂಟಲು ಕಟ್ಟಿತ್ತು. ಹೀಗಿದ್ದಾಗ್ಯೂ ಹೊಲದಲ್ಲಿ ಎಷ್ಟು ಹುಡುಕಿದರೂ ಒಂದು ಹಕ್ಕಿಯೂ ಕಾಣಸಿಗಲಿಲ್ಲ. ದಂಟುಗಳ ತುದಿಯಲ್ಲಿ ಬರೀ ಹೊಟ್ಟು ಉಳಿದಿತ್ತು. ಒಂದು ಕಲ್ಲನ್ನೂ ವ್ಯಯಿಸದೆ ಶತ್ರುವು ಸಂಪೂರ್ಣವಾಗಿ ಹಿಂದೆ ಸರಿದಿರುವುದರಿಂದ, ವ್ಯವಸ್ಥೆಯು ಯಶಸ್ವಿಯಾಗಿದೆಯೆಂದೂ ಇದಕ್ಕಿಂತ ಅಗ್ಗದ ಸೇನಾ ತಂತ್ರಜ್ಞಾನ ಸಾಧ್ಯವಿಲ್ಲವೆಂದೂ ಘೋಷಿಸಲಾಗಿದೆ. ಸಿಬ್ಬಂದಿಯು ಅಲ್ಲಿಯೇ ಬೇವಿನ ಮರದ ನೆರಳಿನಲ್ಲಿ ಉಪಾಹಾರ ಸ್ವೀಕರಿಸಿ, ಸಂಶೋಧನೆಯ ಎರಡನೆಯ ಹಂತಕ್ಕಾಗಿ ಗುಡಾರ ಹೂಡಿತು.

10. ಯಶಸ್ಸಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುವಂತೆ ಜಡೆಮ್ಮನವರನ್ನು ಕೋರಲಾಯಿತು. ಸದರಿಯವರು ಬಹಳ ಹೊತ್ತು ಹೊಲವನ್ನು ನೋಡಿ, ತರುವಾಯ ಗುಡಾರವನ್ನು ನೋಡಿ, ಈ ಕೆಳಗಿನಂತೆ ಹೇಳಿಕೆ ನೀಡಿರುತ್ತಾರೆ: "ಕಾಳು ಮುಗುದ್ವು, ಹಕ್ಕಿ ಹೋದ್ವು. ನೀವು ಯಾವಾಗ ಹೋಗ್ತೀರಿ, ಸಾಹೇಬ್ರ?"

11. ಸದರಿ ಪ್ರಶ್ನೆಯು ಪರಿಶೀಲನೆಯಲ್ಲಿರುತ್ತದೆ.

(ಸಹಿ)
ಗಾದಿಲಿಂಗಪ್ಪ
ಸಹಾಯಕ ಸಂಶೋಧನಾಧಿಕಾರಿ (ಪ್ರಭಾರ)
ಮೊಕ್ಕಾಂ: ಜಡೆಮ್ಮನವರ ಹೊಲ, ಹಚ್ಚೊಳ್ಳಿ

ಪ್ರತಿಗಳು:
ಕುರುಗೋಡು, ಸಿರುಗುಪ್ಪ ಮತ್ತು ತೆಕ್ಕಲಕೋಟೆಯ ಉಪವ್ಯವಸ್ಥೆಗಳಿಗೆ, ಪರಸ್ಪರ ತೋರಿಸಿಕೊಳ್ಳಬಾರದೆಂಬ ಷರತ್ತಿನೊಂದಿಗೆ.
ಶ್ರೀ ಜೋಗಪ್ಪ, ಗುಮಾಸ್ತ, ಇವರಿಗೆ, ಗಂಟಲು ಸರಿಹೋದ ಮೇಲೆ ಗಟ್ಟಿಯಾಗಿ ಓದಿಕೊಳ್ಳಲು.
ಶ್ರೀಮತಿ ಪಕ್ಕೀರಮ್ಮನವರಿಗೆ, ಡಬ್ಬಿಯ ಬದಲಿಗೆ.
ಶ್ರೀಮತಿ ಜಡೆಮ್ಮನವರಿಗೆ, ಬಲಗೈಯಿಂದ ಸಹಿ ಮಾಡಿ ಸ್ವೀಕರಿಸಲು ಅನುಮತಿ ಕೋರಿ ಅರ್ಜಿ ಸಲ್ಲಿಸಿದಲ್ಲಿ ಮಾತ್ರ.