ಲಾಡಿ ಎಳೆದರೆ ಕರಡಿ

ಎಲ್ಲ ಫಜೀತಿಗೂ ಮೂಲ ಒಂದು ಲಾಡಿ. ಪೆಟಿಕೋಟಿಗೆ ಹಾಕುವಂಥ ಸಾದಾ ಬಿಳಿ ಲಾಡಿ. ಆ ಭಾನುವಾರ ಬೆಳಿಗ್ಗೆ ಅದು ಪುಷ್ಪಕ್ಕನ ಸೊಂಟದ ಹಿಂದೆ ಒಂದು ಇಡೀ ಕರಡಿಯನ್ನು ಬಿಗಿಹಿಡಿದುಕೊಂಡಿತ್ತು.

ಭದ್ರಾವತಿಯ ಕಾಗದನಗರದಲ್ಲಿ ಪುಷ್ಪಕ್ಕ ಲೇಡೀಸ್ ಟೈಲರ್. ಅವಳು ಹೊಲಿದ ರವಿಕೆ ಬಿಗಿಯಾಯಿತು ಎಂದು ಯಾರೂ ಬಿಸಾಡಿದ್ದಿಲ್ಲ. ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿಯುತ್ತಿದ್ದಳು. ಮದುವೆಗೆ ಹೊಲಿಸಿಕೊಂಡ ಹುಡುಗಿ ಎರಡು ಹೆತ್ತು ಬಂದರೂ ಹೊಲಿಗೆ ಬಿಚ್ಚಿದರೆ ಅದೇ ರವಿಕೆ ಕೂರುತ್ತಿತ್ತು. ಇದು ಅವಳ ದೊಡ್ಡ ಹೆಮ್ಮೆ.

ಲಾಕ್‌ಡೌನಿನಲ್ಲಿ ಹೊಲಿಗೆ ಇಲ್ಲದೆ ಕೂತಿದ್ದಾಗ ಮಗಳು ಲಿಖಿತಾ ಅವಳ ಫೋನಿಗೆ ‘ಮಾಯಾವನ’ ಎಂಬ ಆನ್‌ಲೈನ್ ಆಟ ಹಾಕಿಕೊಟ್ಟಿದ್ದಳು. ದೇಶದ ಮೂಲೆಮೂಲೆಯವರು ಒಟ್ಟಿಗೆ ಆಡುವ ಆಟ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಪುಷ್ಪಕ್ಕನದು ಭದ್ರೆ ಎಂಬ ವೀರವನಿತೆ. ಬೇಕೆಂದಾಗ ಕರಡಿಯಾಗಿ ರಾಕ್ಷಸರನ್ನು ಚಚ್ಚುವವಳು. ಮಗಳಿಗೆ ಆಟ ಬೇಸರ ಬಂತು, ತಾಯಿಗೆ ಬರಲಿಲ್ಲ. ತಿಂಗಳುಗಟ್ಟಲೆ ಹೊಡೆದಾಡಿ ಭದ್ರೆಗೆ ಬಂಗಾರದ ಕವಚ ಸಂಪಾದಿಸಿದಳು. ಆದರೆ ಭದ್ರೆ ಕರಡಿಯಾದ ಕೂಡಲೇ ಕವಚ ಮಾಯ! ನೋಡುವವರಿಗೆ ಬರೀ ಕಪ್ಪು ಕೂದಲು. ಅದೂ ಸಾಲದೆಂಬಂತೆ, ಯುದ್ಧ ಮುಗಿದ ಮೇಲೆ ‘ನಿಮ್ಮ ಕವಚ ಸವೆದಿದೆ, ರಿಪೇರಿ ಮಾಡಿಸಿ’ ಎಂಬ ಸಂದೇಶ ಬೇರೆ.

“ಕಣ್ಣಿಗೇ ಕಾಣ್ದಿರೋ ಬಟ್ಟೆ ಸವೆಯೋದು ಹೆಂಗೆ ಮಾರಾಯ್ತಿ? ಮೈ ದಪ್ಪ ಆದ್ರೆ ಹೊಲಿಗೆ ಬಿಚ್ಬೇಕು. ಬಟ್ಟೇನೇ ಮಾಯ ಮಾಡ್ತಾರಾ? ಇದು ಹೊಲಿಗೆ ಬರ್ದೇ ಇರೋರು ಮಾಡಿದ ಆಟ!” ಎಂದು ಅವಳು ಪಕ್ಕದ ಮನೆಯ ರೋಶನ್ ಬೀ ಎದುರು ಕೂಗಾಡಿದ್ದಳು.

ಅಷ್ಟರಲ್ಲಿ ಆಟದ ಕಂಪನಿಯವರು ಶಿವಮೊಗ್ಗದಲ್ಲಿ ಆಟಗಾರರ ಮೇಳ ಇಟ್ಟರು. ತಮ್ಮ ಪಾತ್ರದ ಕವಚವನ್ನು ತಾವೇ ಮಾಡಿ ತೊಟ್ಟು ಬರಬೇಕು. ಗೆದ್ದ ಕವಚ ಆಟದೊಳಗೆ ಸೇರುತ್ತದೆ, ಮಾಡಿದವರ ಹೆಸರಿನಲ್ಲೇ. ಪುಷ್ಪಕ್ಕನ ಮೈಯಲ್ಲಿ ಕರೆಂಟು ಹರಿಯಿತು. ದೇಶದ ಕರಡಿಗಳೆಲ್ಲ ತೊಡುವ ‘ಪುಷ್ಪಾ ಕವಚ’!

ಅಡಿಕೆ ಹಾಳೆಯ ಊಟದ ತಟ್ಟೆಗಳನ್ನು ಮೀನಿನ ಹುರುಪೆಯ ಹಾಗೆ ಕತ್ತರಿಸಿ, ಬಂಗಾರದ ಬಣ್ಣ ಬಳಿದು, ಕಪ್ಪು ಉಣ್ಣೆಬಟ್ಟೆಯ ಮೇಲೆ ಒಂದೊಂದಾಗಿ ಹೊಲಿದಳು. ಒಳಗೆ ಸ್ಪಂಜು ತುಂಬಿ, ಬಟ್ಟೆಯನ್ನೆಲ್ಲ ನೆರಿಗೆ ಹಿಡಿದು ಬೆನ್ನ ಹಿಂದೆ ಲಾಡಿಯಲ್ಲಿ ಬಿಗಿದಳು. ಲಾಡಿ ಕಟ್ಟಿದ್ದರೆ ಬಂಗಾರದ ಕವಚ ತೊಟ್ಟ ಹೆಂಗಸು. ಲಾಡಿ ಎಳೆದರೆ ನೆರಿಗೆಗಳು ಬಿಚ್ಚಿಕೊಂಡು, ಸ್ಪಂಜು ಉಬ್ಬಿ, ಹಿಂದಿನಿಂದ ಕರಡಿಯ ಮುಖ ಟೋಪಿಯ ಹಾಗೆ ತಲೆಯ ಮೇಲೆ ಮಗುಚಿ, ತೋಳಿನ ತುದಿ ಇಳಿದು ಕೈಗೆ ಪಂಜವಾಗಿ, ಕವಚ ತೊಟ್ಟ ಕರಡಿ!

ಮೇಳದ ಭಾನುವಾರ ಪುಷ್ಪಕ್ಕ ಮನೆಯಲ್ಲೇ ಕವಚ ತೊಟ್ಟು ನಿಂತಳು. ರೋಶನ್ ಬೀಯ ಮಗ ಅಫ್ನಾನ್ ತನ್ನ ಆಟೋ ತಂದ. ರೋಶನ್ ಬೀ “ನೆರಿಗೆ ಹಿಡಿಯೋಕೆ ಯಾರಾದ್ರೂ ಬೇಕಲ್ಲ” ಎಂದು ಹತ್ತಿದಳು. ಎದುರು ಮನೆಯ ಚೌಡಪ್ಪನವರನ್ನು ಯಾರೂ ಕರೆದಿರಲಿಲ್ಲ. ತಾವು ದುಡಿಯುತ್ತಿದ್ದ ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಕಾಗದನಗರದಲ್ಲಿ ಯಾರು ಎಲ್ಲಿಗೆ ಹೊರಟರೂ ಜೊತೆಗೆ ಹೋಗುವುದೇ ಅವರ ಕೆಲಸವಾಗಿತ್ತು. ಜೇಬಿನಲ್ಲಿ ಎಲೆ, ಅಡಿಕೆ, ಅಡಕತ್ತರಿ ತುಂಬಿಕೊಂಡು ಬಂದು ಕೂತೇಬಿಟ್ಟರು.

“ಹೆಣ್ಮಕ್ಳು ಇಷ್ಟು ದೂರ ಹೋಗುವಾಗ ಹಿರಿಯರೊಬ್ರು ಇರ್ಬೇಕು ಕಣಮ್ಮ.”

ಮಾಚೇನಹಳ್ಳಿ ಹತ್ತಿರ ಆಟೋ ಒಂದು ಹಂಪನ್ನು ಹಾರಿತು. ಚೌಡಪ್ಪನವರು ಬೀಳುವಂತಾಗಿ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಭುಸ್!

ಆಟೋದೊಳಗೆ ಕರಡಿ ಬಾಣಲೆಯ ಪೂರಿಯ ಹಾಗೆ ಉಬ್ಬಿತು. ರೋಶನ್ ಬೀ ಒಂದು ಕಂಬಿಗೆ, ಚೌಡಪ್ಪನವರು ಇನ್ನೊಂದು ಕಂಬಿಗೆ ಅಂಟಿಕೊಂಡರು. ಅಫ್ನಾನನಿಗೆ ಕನ್ನಡಿಯಲ್ಲಿ ಕಪ್ಪು ಕೂದಲು ಬಿಟ್ಟರೆ ಬೇರೇನೂ ಕಾಣಿಸಲಿಲ್ಲ.

“ಯಾ ಅಲ್ಲಾ! ಏನ್ ಎಳೆದ್ರಿ ನೀವು?”

“ಹಿಡ್ಕೊಳ್ಳೋ ಹಗ್ಗ ಅಂದ್ಕೊಂಡೆ ಮಾರಾಯ್ತಿ!”

ಮತ್ತೆ ನೆರಿಗೆ ಹಿಡಿಯಲು ಅಗಲವಾದ ಜಾಗ ಬೇಕು. ಹಾಗೇ ಮುಂದೆ ಹೋದರು. ನಿದಿಗೆ ಬಸ್ ಸ್ಟಾಪಿನಲ್ಲಿ ನಿಂತವರು ಬಾಯಿ ಬಿಟ್ಟರು. ಬೈಕಿನ ಹುಡುಗರು ವಿಡಿಯೋ ಮಾಡುತ್ತ ಹಿಂಬಾಲಿಸಿದರು. ಸಿಗ್ನಲ್ಲಿನಲ್ಲಿ ಒಬ್ಬ ಹೆಂಗಸು ಆಟೋದೊಳಗೆ ಬಾಳೆಹಣ್ಣು ಎಸೆದು ಕೈಮುಗಿದಳು. ಊರೊಳಗೆ ಬರುವಷ್ಟರಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಅಡ್ಡ ನಿಂತು, ದೂರದಿಂದಲೇ ಲಾಠಿ ತೋರಿಸಿದರು.

“ಏಯ್, ಕಾಡುಪ್ರಾಣೀನ ಹಿಂಗೆಲ್ಲ ಸಾಗಿಸೋ ಹಾಗಿಲ್ಲ. ಇಳಿಸು ಅದನ್ನ!”

ಸ್ಪಂಜಿನೊಳಗಿಂದ ಡಬ್ಬಿಯಲ್ಲಿ ಸಿಕ್ಕಿಕೊಂಡ ದುಂಬಿಯ ಹಾಗೆ ಒಂದು ದನಿ ಬಂತು: “ಸಾರ್, ನಾನು ಟೈಲರ್.”

ಪೊಲೀಸರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಹತ್ತಿರ ಬಂದು ಹೊಲಿಗೆಯನ್ನು ಮುಟ್ಟಿ ನೋಡಿದರು. ದನಿ ಮೆತ್ತಗಾಯಿತು.

“ನೀಟಾಗಿದೆಯಲ್ರೀ. ನಮ್ಮನೆಯವ್ರದೊಂದು ಬ್ಲೌಸ್ ಬಿಗಿ ಆಗಿದೆ, ಏನಾದ್ರೂ ಮಾಡ್ಬಹುದಾ?”

“ಒಳಗೆ ಬಟ್ಟೆ ಬಿಟ್ಟಿದಾರಾ ನೋಡಿ ಸಾರ್. ಬಿಟ್ಟಿದ್ರೆ ತಗೊಂಡು ಬನ್ನಿ” ಎಂದಿತು ಕರಡಿ, ಗತ್ತಿನಿಂದಲೇ.

ನೆಹರೂ ರಸ್ತೆಯ ಪಕ್ಕದ ಸಭಾಭವನ ತಲುಪಿದಾಗ ಪುಷ್ಪಕ್ಕನ ಸರದಿ ಬರುವುದರಲ್ಲಿತ್ತು. ವೇದಿಕೆ ನೋಡಿಕೊಳ್ಳುತ್ತಿದ್ದ ನವ್ಯಾ ಎಂಬ ಹುಡುಗಿ “ಆಂಟಿ, ರೂಪ ಬದಲಿಸೋದನ್ನ ಸ್ಟೇಜ್ ಮೇಲೇ ತೋರಿಸ್ಬೇಕು. ಈಗ್ಲೇ ಕರಡಿ ಆಗಿ ಬಂದ್ರೆ ಲೆಕ್ಕಕ್ಕಿಲ್ಲ” ಎಂದಳು. ರೋಶನ್ ಬೀಯೂ ಅಫ್ನಾನನೂ ಪುಷ್ಪಕ್ಕನನ್ನು ಮೂಲೆಯಲ್ಲಿ ಮಲಗಿಸಿ, ಮಂಡಿಯೂರಿ ನೆರಿಗೆ ಹಿಡಿದರು. ಈ ಸಲ ತಾನಾಗಿ ಬಿಚ್ಚಬಾರದು ಎಂದು ರೋಶನ್ ಬೀ ಲಾಡಿಗೆ ಗಂಟಿನ ಮೇಲೆ ಗಂಟು ಹಾಕಿದಳು.

ವೇದಿಕೆಯ ಮೇಲೆ ಬಂಗಾರದ ಕವಚ ದೀಪಕ್ಕೆ ಹೊಳೆಯಿತು. ಪುಷ್ಪಕ್ಕ ಎದೆಯುಬ್ಬಿಸಿ ನಿಂತಳು. ಹಿಂದೆ ಕೈ ಹಾಕಿ ಲಾಡಿ ಎಳೆದಳು. ಬರಲಿಲ್ಲ. ಜಗ್ಗಿದಳು. ಗಂಟು ಇನ್ನೂ ಬಿಗಿಯಾಯಿತು. ಬೆನ್ನ ಮೇಲೆ ಇರುವೆ ಹತ್ತಿದವಳ ಹಾಗೆ ಸುತ್ತುತ್ತಿದ್ದ ವೀರವನಿತೆಯನ್ನು ನೋಡಿ ಜನ ನಗತೊಡಗಿದರು. ನವ್ಯಾ ಗಡಿಯಾರ ನೋಡಿದಳು. ಪುಷ್ಪಕ್ಕನ ಕಣ್ಣು ತುಂಬಿತು.

ಆಗ ಚೌಡಪ್ಪನವರು ಪಂಚೆ ಎತ್ತಿ ಕಟ್ಟಿ ವೇದಿಕೆಗೆ ನುಗ್ಗಿದರು. ಅಡಕತ್ತರಿ ತೆಗೆದು, ಅಡಿಕೆ ಹೋಳು ಮಾಡುವಷ್ಟು ಸಲೀಸಾಗಿ ಲಾಡಿಯನ್ನು ಕಚಕ್ಕನೆ ಕತ್ತರಿಸಿದರು.

ಭುಸ್! ನೆರಿಗೆಗಳು ಅಲೆಯ ಹಾಗೆ ಬಿಚ್ಚಿಕೊಂಡವು. ಕಪ್ಪು ಮೈಯ ಮೇಲೆ ಬಂಗಾರದ ಹುರುಪೆಗಳು ಸಾಲಾಗಿ ಹರಡಿ ನಿಂತವು. ಒಂದೂ ಕಳಚಲಿಲ್ಲ, ಒಂದೂ ಮಾಯವಾಗಲಿಲ್ಲ. ಸಭೆ ಎದ್ದು ನಿಂತಿತು. ಸ್ಪಂಜಿನೊಳಗಿನ ಕತ್ತಲಲ್ಲಿ ಪುಷ್ಪಕ್ಕನಿಗೆ ಚಪ್ಪಾಳೆ ಜಡಿಮಳೆಯ ಹಾಗೆ ಕೇಳಿತು. ಇಷ್ಟು ವರ್ಷದ ಹೊಲಿಗೆಯಲ್ಲಿ ಅವಳ ಎದೆ ಇಷ್ಟು ದೊಡ್ಡದಾಗಿದ್ದು ಇದೇ ಮೊದಲು.

“ಫಸ್ಟ್ ಪ್ರೈಜ್!” ಎಂದು ಕೂಗಿದ ನವ್ಯಾ, ಅಡಕತ್ತರಿ ಹಿಡಿದು ನಿಂತವರೇ ಕವಚ ಮಾಡಿದವರು ಎಂದುಕೊಂಡು ಅವರ ಬಾಯಿಗೆ ಮೈಕು ಒಡ್ಡಿದಳು. “ಸರ್, ನಿಮ್ಮ ಹೆಸರು?”

ಹೆಸರು ಕೇಳಿದರೆ ಚೌಡಪ್ಪನವರು ಸುಳ್ಳು ಹೇಳುವವರಲ್ಲ. “ಚೌಡಪ್ಪ. ಕಾಗದನಗರ, ಭದ್ರಾವತಿ.”

“ಅಲ್ಲ! ನಾನು! ಪುಷ್ಪಾ!” ಎಂದು ಕರಡಿ ಕಿರುಚಿತು. ಆ ಗದ್ದಲದಲ್ಲಿ ಹೊರಗೆ ಕೇಳಿದ್ದು ಗುರ್ ಗುರ್ ಮಾತ್ರ. ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಮುಖ ತೆಗೆಯಲು ಕತ್ತಿನ ಹಿಂದಿನ ಹುಕ್ಕು ಬಿಚ್ಚಬೇಕು. ಆ ಪಂಜದಲ್ಲಿ ಅದು ಆಗುವ ಮಾತಲ್ಲ. ಬಿಚ್ಚಬೇಕಾಗಿದ್ದ ರೋಶನ್ ಬೀ ಕೆಳಗೆ ಆನಂದಬಾಷ್ಪ ಸುರಿಸುತ್ತ ವಿಡಿಯೋ ಮಾಡುತ್ತಿದ್ದಳು. ಚೌಡಪ್ಪನವರು ಮೈಕಿನಲ್ಲಿ ಇನ್ನೂ ಏನೇನೋ ಹೇಳುತ್ತಲೇ ಇದ್ದರು. ಜನ ಹೋ ಎನ್ನುತ್ತಿದ್ದರು.

ಕೊನೆಗೆ ರೋಶನ್ ಬೀ ಹತ್ತಿ ಬಂದು ಹುಕ್ಕು ಬಿಚ್ಚಿ ತಲೆ ಹೊರಗೆ ಬಂದಾಗ ದೊಡ್ಡ ಪರದೆಯ ಮೇಲೆ ಅಕ್ಷರಗಳು ಕುಣಿಯುತ್ತಿದ್ದವು: ‘ಬರಲಿದೆ ಚೌಡಪ್ಪ ಕವಚ.’

“ಅದು ನಾನು ಹೊಲಿದದ್ದು ಕಣಮ್ಮ!” ಎಂದಳು ಪುಷ್ಪಕ್ಕ.

“ಲೈವ್ ಹೋಗಿ ಆಯ್ತು ಆಂಟಿ, ಈಗ ಏನೂ ಮಾಡೋಕಾಗಲ್ಲ” ಎಂದಳು ನವ್ಯಾ. “ಆದ್ರೆ ಕರಡಿ ಪಾರ್ಟು ಮಾತ್ರ ನೀವು ಸೂಪರಾಗಿ ಮಾಡಿದ್ರಿ.”

ವಾಪಸು ಬರುವಾಗ ಆಟೋದಲ್ಲಿ ಪುಷ್ಪಕ್ಕ ಮುಖ ತಿರುಗಿಸಿ ಕೂತಳು. ಚೌಡಪ್ಪನವರ ಫೋನು ಹೊಡೆದುಕೊಂಡಿತು. ಹೆಂಡತಿ ಲಿಂಗಮ್ಮ. ಸ್ಪೀಕರಿನಲ್ಲಿ ಅವರ ಮಾತು ಎಲ್ಲರಿಗೂ ಕೇಳಿತು. “ಮೊಬೈಲಲ್ಲಿ ನೋಡಿದ್ವಿ ಕಣ್ರೀ. ಫ್ಯಾಕ್ಟರಿ ಮುಚ್ಚಿದ್ಮೇಲೆ ನಿಮ್ಮ ಹೆಸರನ್ನ ಯಾರೂ ಮೈಕಲ್ಲಿ ಕರೆದಿರ್ಲಿಲ್ಲ.”

ಬಯ್ಯಲು ತೆರೆದ ಬಾಯನ್ನು ಪುಷ್ಪಕ್ಕ ಮುಚ್ಚಿಕೊಂಡಳು.

ಚೌಡಪ್ಪನವರು ಮೂಗೊರೆಸಿಕೊಂಡು ಕೆಮ್ಮಿದರು. “ನಿಮ್ಮ ಹೆಸರು ಹೇಳೋಣ ಅಂತಿದ್ದೆ ಪುಷ್ಪಕ್ಕ. ಆ ಹುಡುಗಿ ಬಿಡ್ಲಿಲ್ಲ, ಮುಂದಿನ ಮೇಳಕ್ಕೆ ಏನು ತರ್ತೀರಿ ಅಂತ ಕೇಳ್ಬಿಟ್ಲು. ಸುಮ್ನೆ ನಿಂತ್ರೆ ನಮ್ಮ ಕಾಗದನಗರದ ಮರ್ಯಾದೆ ಏನಾಗ್ಬೇಕು?”

“ಏನಂದ್ರಿ?”

“ಆನೆ ಅಂದೆ.”

ರೋಶನ್ ಬೀ ತಲೆಯ ಮೇಲೆ ಕೈ ಇಟ್ಟುಕೊಂಡಳು. ಅಫ್ನಾನ್ ಆಟೋ ಬದಿಗೆ ತಂದು ನಿಲ್ಲಿಸಿದ. ಪುಷ್ಪಕ್ಕ ಚೌಡಪ್ಪನವರನ್ನು ದುರುಗುಟ್ಟಿ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ಅವರನ್ನು ಬಿಟ್ಟು ಎಲ್ಲೋ ದೂರ ಹೋಯಿತು. ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಅಗಲವಾದ ಒಂದು ಕಿವಿಯನ್ನು ಕತ್ತರಿಸತೊಡಗಿದವು.

“ಅಫ್ನಾನ್,” ಎಂದಳು ಕೊನೆಗೆ, “ನಾಳೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಆಟೋ ಬರುತ್ತೇನಪ್ಪ? ಸೊಂಡಿಲಿನ ಅಳತೆ ತಗೋಬೇಕು.”