ಅಕ್ಕನ ಖಾನೆ ತಟ್ಟೆ

ಎದುರಿಗೆ ಕೂತವರ ಕಣ್ಣು ಚುರುಕಾಗಿದ್ದರೆ ಮಾತ್ರ ಮನುಷ್ಯ ಮಿತವಾಗಿ ಉಣ್ಣುತ್ತಾನೆ. ಇದು ಯಾವ ಡಾಕ್ಟರೂ ಹೇಳಿದ್ದಲ್ಲ, ನಾನೇ ಕಂಡುಕೊಂಡದ್ದು. ಕಂಡುಕೊಂಡ ಬಗೆ ಅಷ್ಟೇನೂ ಮರ್ಯಾದೆಯದಲ್ಲ. ಆದರೂ ಹೇಳಿಬಿಡುತ್ತೇನೆ. ಹೊಟ್ಟೆಯಂತೂ ಹಗುರಾಗಲಿಲ್ಲ, ಮನಸ್ಸಾದರೂ ಆಗಲಿ.

ಸಿರುಗುಪ್ಪದ ಕಡೆಯ ಕರೂರಿನಿಂದ ನಮ್ಮಕ್ಕ ಎರಡೂ ಕಣ್ಣಿಗೆ ಪೊರೆ ಬಂದು, ಬಳ್ಳಾರಿಯ ಪಾರ್ವತಿನಗರದಲ್ಲಿರುವ ನಮ್ಮ ಮನೆಗೆ ಬಂದಳು. ಮೊಮ್ಮಗಳಿಗೆ ದಿನ ತುಂಬುವುದರೊಳಗೆ ಕೂಸಿಗೊಂದು ಕೌದಿ ಹೊಲಿಯಬೇಕು, ಸೂಜಿಯ ಕಣ್ಣು ಕಾಣುತ್ತಿಲ್ಲ ಎಂಬುದು ಅವಳ ಸಂಕಟ. ಕಣ್ಣಿನ ಡಾಕ್ಟರು, ಶುಗರ್ ಇಳಿಯುವ ತನಕ ಆಪರೇಷನ್ ಇಲ್ಲವೆಂದು ಹೇಳಿ, ಪಥ್ಯ ಹೇಳಿಕೊಡುವ ಹುಡುಗಿಯ ಹತ್ತಿರ ಕಳಿಸಿದರು. ಆಕೆ ಮೂರು ಖಾನೆಗಳ ಸ್ಟೀಲ್ ತಟ್ಟೆಯೊಂದನ್ನು ಮುಂದಿಟ್ಟಳು.

"ಅಮ್ಮಾ, ಪೂರಾ ಬಿಡೋದು ಅಂತ ಏನೂ ಇಲ್ಲ. ಅಳತಿ ಅಷ್ಟ. ದೊಡ್ಡ ಖಾನಿ ತುಂಬ ಸೊಪ್ಪು ತರಕಾರಿ. ಒಂದು ಸಣ್ಣದರಾಗ ಬ್ಯಾಳಿ, ಕಾಳು, ತತ್ತಿ. ಇನ್ನೊಂದರಾಗ ರೊಟ್ಟಿ, ಇಲ್ಲಾ ಅನ್ನ."

ತತ್ತಿ ಕಾಳಿನ ಜೊತೆ ಕೂತದ್ದಕ್ಕೆ ಅಕ್ಕ ತಕರಾರು ಮಾಡಲಿಲ್ಲ. "ಖರೇ, ಕೋಳಿ ಕಾಳು ತಿಂದ ಇಟ್ಟಿರ್ತೈತಿ" ಎಂದಳು. ಜಗಳ ಹತ್ತಿದ್ದು ಮೂರನೇ ಖಾನೆಗೆ.

"ರೊಟ್ಟಿ ಇಲ್ಲಾ ಅನ್ನ ಅಂದ್ರ? ರೊಟ್ಟಿ ಬ್ಯಾರೆ, ಅನ್ನ ಬ್ಯಾರೆ ತಾಯಿ. ರೊಟ್ಟಿ ತಿಂದಮ್ಯಾಲೆ ನಾಕು ಅಗಳು ಅನ್ನ ಬೀಳದಿದ್ರ, ಊಟ ಮುಗೀತು ಅಂತ ಹೊಟ್ಟಿಗೆ ಹೆಂಗ ಗೊತ್ತಾಗಬೇಕು?"

"ಎರಡೂ ಒಂದ ಗುಂಪಿನವು ಅಮ್ಮಾ. ಬೇಕಂದ್ರ ಅರ್ಧ ಅದು, ಅರ್ಧ ಇದು. ಆಲೂಗಡ್ಡಿನೂ ಅದ ಖಾನ್ಯಾಗ ಬರ್ತೈತಿ."

"ಪಲ್ಯಾ ಅಂತ ಮಾಡಿದಮ್ಯಾಲೂ?" ಅಕ್ಕ ನಿಟ್ಟುಸಿರುಬಿಟ್ಟಳು. "ಹೋಗ್ಲಿ, ಹಬ್ಬದಾಗ ಹೋಳಿಗಿ?"

"ಒಂದು ತಿನ್ರಿ. ಅವತ್ತು ಅನ್ನ ಬಿಡ್ರಿ."

ಮೂವತ್ತು ವರ್ಷ ಲೈಬ್ರರಿಯಲ್ಲಿ ಪುಸ್ತಕ ವಿಂಗಡಿಸಿದವನು ನಾನು. ಪದಾರ್ಥ ವಿಂಗಡಿಸುವುದೇನು ಮಹಾ ಎಂದು ಮುಂದಾಳತ್ವ ವಹಿಸಿಕೊಂಡೆ. ಮೊದಲು ಎಡವಿದ್ದು ಮಿರ್ಚಿಯ ಹತ್ತಿರ. ಒಳಗೆ ಮೆಣಸಿನಕಾಯಿ, ಅಂದರೆ ತರಕಾರಿ. ಮೇಲೆ ಕಡ್ಲೆಹಿಟ್ಟು, ಅಂದರೆ ಬೇಳೆ. ಎಣ್ಣೆಗೆ ತಟ್ಟೆಯಲ್ಲಿ ಖಾನೆಯೇ ಇಲ್ಲ, ಆದ್ದರಿಂದ ಎಣ್ಣೆ ಇಲ್ಲವೆಂದೇ ತಿಳಿಯತಕ್ಕದ್ದು. ಜೊತೆಗಿರುವ ಒಗ್ಗರಣೆ ಮಂಡಕ್ಕಿಯೋ, ಊದಿದರೆ ಹಾರಿಹೋಗುವಂಥದ್ದು. ಅದು ಊಟವೂ ಅಲ್ಲ, ನಾಷ್ಟಾವೂ ಅಲ್ಲ, ಬರೀ ಬಾಯಾಡಿಸುವುದು. ಇಷ್ಟನ್ನು ಹೆಂಡತಿಗೆ ವಿವರಿಸಿದೆ. ಆಕೆ ಕುರುಗೋಡಿನವಳು, ರೊಟ್ಟಿಯ ಹಾಗೆ ಮಾತೂ ಗರಿಗರಿ. "ಪುಸ್ತಕ ಎಷ್ಟು ತುಂಬಿದ್ರೂ ಕಪಾಟಿಗೆ ಹೊಟ್ಟಿ ಬರಂಗಿಲ್ರಿ" ಎಂದಳು.

ಅಕ್ಕನದು ಒಂದೇ ಷರತ್ತು. "ತಮ್ಮಾ, ನನ್ನ ಒಬ್ಬಾಕಿನ್ನ ರೋಗಿ ಮಾಡಿ ಕುಂದ್ರಿಸಬ್ಯಾಡ. ನೀ ಉಂಡದ್ದ ನಾ ಉಣ್ತೀನಿ." ಚಿಕ್ಕಂದಿನಲ್ಲಿ ಒಂದೇ ಗಂಗಾಳದಲ್ಲಿ ಉಂಡವರು ನಾವು. ಆಗಲಿ ಎಂದೆ. ಅಂಥವೇ ಖಾನೆ ತಟ್ಟೆ ಇಬ್ಬರಿಗೂ ಒಂದೊಂದು ಬಂದವು.

ಮೊದಲ ದಿನವೇ ಎದುರು ಕೂತು ನೋಡಿದೆ. ಪಾಪ, ಅಕ್ಕನಿಗೆ ನನ್ನ ತಟ್ಟೆ ಬರೀ ಮಬ್ಬು. ನನ್ನ ಕೈ ತಾನಾಗಿಯೇ ಅನ್ನವನ್ನು ದೊಡ್ಡ ಖಾನೆಗೆ ಬಡಿಸಿಕೊಂಡು, ಸೊಪ್ಪನ್ನು ಸಣ್ಣದಕ್ಕೆ ಕಳಿಸಿತು. ಖಾನೆ ಮೂರೂ ತುಂಬಿದ್ದವು. ಬರೀ ವರ್ಗಾವಣೆ ಆಗಿತ್ತು, ಅಷ್ಟೇ. ಹೆಂಡತಿ ಕಣ್ಣು ಬಿಟ್ಟಳು, ನಾನು ತುಟಿಗೆ ಬೆರಳಿಟ್ಟೆ. "ಏನು ಬಡಿಸಿಕೊಂಡಿ?" ಎಂದು ಅಕ್ಕ ಕೇಳಿದರೆ, "ನಿನ್ನಷ್ಟ ಅಕ್ಕ" ಎನ್ನುತ್ತಿದ್ದೆ. ಅವಳು ಕರೂರಿಗೆ ಫೋನು ಹಚ್ಚಿ, "ನನ್ನ ತಮ್ಮ ನನ್ನ ಸಲುವಾಗಿ ಅರೆಹೊಟ್ಟಿ ಉಣ್ತಾನವ್ವಾ" ಎಂದು ಕಣ್ಣೊರೆಸಿಕೊಳ್ಳುವಾಗ ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆ ಆದಾಗ ಹಸಿವು ಜಾಸ್ತಿ ಎಂಬುದನ್ನೂ ಆಗಲೇ ಕಂಡುಕೊಂಡೆ.

ಅಕ್ಕ ಮಾತ್ರ ಒಂದು ತುತ್ತೂ ಅಳತೆ ಮೀರಲಿಲ್ಲ. ಶುಗರ್ ಇಳಿಯಿತು, ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದಳು. ಖುಷಿಯಲ್ಲಿ ನಾನು ಮುಖ್ಯವಾದದ್ದನ್ನೇ ಮರೆತು, ರೂಢಿಯಂತೆ ಬಡಿಸಿಕೊಂಡು ಕೂತೆ. ಅಕ್ಕ ಕನ್ನಡಕವನ್ನು ಹಣೆಗೇರಿಸಿ ನನ್ನ ತಟ್ಟೆಯನ್ನೇ ನೋಡಿದಳು.

"ಲೇ ತಮ್ಮಾ, ನಿನ್ನ ಪಲ್ಯಾ ಬಾಳ ಬೆಳ್ಳಗೈತಲ್ಲೋ!"

"ಹೂಕೋಸು ಅಕ್ಕ" ಎಂದೆ. ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಸೌಟು ಬಿತ್ತು.

ಅಕ್ಕ ಬೈಯಲಿಲ್ಲ. ನನ್ನ ತಟ್ಟೆಯ ಅನ್ನವನ್ನು ಪಾತ್ರೆಗೆ ಸುರಿದು, ಆ ಜಾಗಕ್ಕೆ ಪುಂಡಿಪಲ್ಯ ತುಂಬಿ, "ಉಣ್ಣು, ನನ್ನಷ್ಟ" ಎಂದಳು.

ಈಗ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಾಳೆ. ಕೌದಿ ಅರ್ಧ ಆಗಿದೆ. ಇನ್ನೊಂದು ಕಣ್ಣು ಬಾಕಿ ಇರುವುದರಿಂದ ಇಲ್ಲೇ ಇದ್ದಾಳೆ. ಬಿಸಿಲಿಗೆಂದು ಕೊಟ್ಟ ಕಪ್ಪು ಕನ್ನಡಕವನ್ನು ಊಟಕ್ಕೂ ಹಾಕಿಕೊಳ್ಳುತ್ತಾಳೆ. ಅದರ ಹಿಂದೆ ಅವಳ ದೃಷ್ಟಿ ಎತ್ತಲಿದೆಯೋ ದೇವರಿಗೇ ಗೊತ್ತು. ನಿನ್ನೆ ಮಧ್ಯಾಹ್ನ ಧೈರ್ಯ ಮಾಡಿ ಇನ್ನೊಂದು ಸೌಟು ಅನ್ನ ಎತ್ತಿದೆ. ಕನ್ನಡಕ ನನ್ನ ಕಡೆಗೇ ಇತ್ತು, ಅಲುಗಲಿಲ್ಲ. ಸೌಟನ್ನು ಮೆಲ್ಲಗೆ ಪಾತ್ರೆಯಲ್ಲೇ ಇಟ್ಟು, ಎರಡನೇ ಸಲ ಪುಂಡಿಪಲ್ಯ ಹಾಕಿಸಿಕೊಂಡೆ.

ಕೈ ತೊಳೆಯಲು ಎದ್ದಾಗ ಹೆಂಡತಿ ಪಿಸುಗುಟ್ಟಿದಳು: "ಸಪ್ಪಳ ಮಾಡಬ್ಯಾಡ್ರಿ, ಅಕ್ಕಾರು ಕುಂತಲ್ಲೇ ನಿದ್ದಿ ಹೋಗ್ಯಾರ."