ಹೀರೆ ಚಪ್ಪರದ ಪರವಾಗಿ ಮೂರು ನಿಮಿಷ

ಯಾರು ಎಲ್ಲಿ ಏನು ಕಟ್ಟಬಹುದೆಂದು ತೀರ್ಮಾನಿಸುವ ನಮ್ಮ ಟೌನ್‌ಶಿಪ್ಪಿನ ಝೋನಿಂಗ್ ಬೋರ್ಡ್ ಅಧ್ಯಕ್ಷರ ಸನ್ನಿಧಿಗೆ,
ಸೆಪ್ಟೆಂಬರ್ ೧೯೯೯

ಮಾನ್ಯರೇ,

ತಾವೂ ತಮ್ಮ ಮೇಜಿನ ಮೇಲಿನ ಮೂರು ನಿಮಿಷದ ಗಡಿಯಾರವೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮುಂದಿರುವ ಮೇಲ್ಮನವಿಯ ಬಗ್ಗೆ ಸಾರ್ವಜನಿಕರು ಕಾಗದ ಬರೆಯುವಂತಿಲ್ಲ, ಖುದ್ದಾಗಿ ಬಂದು ಬಲಗೈ ಎತ್ತಿ ಪ್ರಮಾಣ ಮಾಡಿ ಮಾತಾಡಬೇಕು ಎಂದು ತಾವು ಅಪ್ಪಣೆ ಕೊಡಿಸಿದ್ದರಿಂದ, ತಾವು ಓದಲಾರದ ಭಾಷೆಯಲ್ಲಿ, ತಾವು ತರಿಸದ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಈ ಕಾಗದ ಬರೆಯುತ್ತಿದ್ದೇನೆ. ನಿಯಮಕ್ಕೆ ಇದಕ್ಕಿಂತ ಹೆಚ್ಚಿನ ಗೌರವ ನನ್ನಿಂದಾಗದು.

ಪಕ್ಕದ ಮನೆಯ ಶಿವಪ್ರಕಾಶರ ತಾಯಿ ಚಿಕ್ಕತಾಯಮ್ಮನವರು ಆರು ತಿಂಗಳ ವೀಸಾದ ಮೇಲೆ ಬಂದವರು. ಡ್ರೈವ್ ಮಾಡಲು ಬಾರದು, ಟಿವಿ ಅರ್ಥವಾಗದು. ಹಿತ್ತಲಲ್ಲಿ ನಾಲ್ಕು ಬಿದಿರು ಕೋಲು ನೆಟ್ಟು, ಹಗ್ಗ ಬಿಗಿದು, ಹೀರೆ ಬಳ್ಳಿ ಹಬ್ಬಿಸಿದ್ದೊಂದೇ ಈ ದೇಶದಲ್ಲಿ ಅವರಿಗೆ ಸಿಕ್ಕ ಕೆಲಸ. ಊರಿಗೆ ಹೊರಡುವ ಮುಂಚೆ ಬೀಜದ ಕಾಯಿ ಬಳ್ಳಿಯಲ್ಲೇ ಒಣಗಬೇಕು, ಬೀಜ ಮಗನ ಕೈಗಿಟ್ಟು ಹೋಗಬೇಕು ಎಂಬುದಷ್ಟೇ ಅವರ ಆಸೆ. ಅದನ್ನು 'ಪರವಾನಗಿಯಿಲ್ಲದ ಎಂಟಡಿ ಎತ್ತರದ ಕಟ್ಟಡ' ಎಂದು ಗುರುತಿಸಿ, ಕೆಡವಲು ನೋಟಿಸ್ ಅಂಟಿಸಿದ ತಮ್ಮ ಅಧಿಕಾರಿಯ ದೃಷ್ಟಿ ದೊಡ್ಡದು. ಆ ಕಟ್ಟಡದ ಬಾಗಿಲು ಯಾವ ಕಡೆಗಿದೆಯೆಂದು ನಾನೂ ಹುಡುಕುತ್ತಲೇ ಇದ್ದೇನೆ.

ಶಿವಪ್ರಕಾಶರು ಮೇಲ್ಮನವಿ ಹಾಕಿದರು. ತೀರ್ಪಾಗುವವರೆಗೆ ಕೆಡವುವಂತಿಲ್ಲ, ಸಾರ್ವಜನಿಕರೂ ತಲಾ ಮೂರು ನಿಮಿಷ ಮಾತಾಡಬಹುದು ಎಂದು ತಿಳಿದೊಡನೆ ವೆಸ್ಟ್ ವಿಂಡ್ಸರ್‌ನಿಂದ ಫೋರ್ಟ್ ಲೀವರೆಗಿನ ಊರುಗಳಿಂದ ಕೂಟದ ಹದಿನಾಲ್ಕು ಜನ ನಾವು ಬಂದೆವು. ಕೂಟದಲ್ಲಿ ಒಂಬತ್ತು ವರ್ಷದಿಂದ ಸ್ವಾಗತ ಭಾಷಣ ಮಾಡುತ್ತ ಬಂದ ಅನುಭವವಿದ್ದ ಕಾರಣ ಮೈಕು ಮೊದಲು ನನ್ನ ಕೈಗೆ ಬಂತು. ಅಧ್ಯಕ್ಷರಿಗೆ, ವೇದಿಕೆಯ ಗಣ್ಯರಿಗೆ, ಟೈಪು ಮಾಡುತ್ತಿದ್ದ ತಾಯಿಗೆ, ಮೈಕು ಸರಿಪಡಿಸಿದ ಮಹನೀಯರಿಗೆ ವಂದಿಸಿ, "ಈಗ ವಿಷಯಕ್ಕೆ ಬರುತ್ತೇನೆ" ಎನ್ನುವಷ್ಟರಲ್ಲಿ ತಮ್ಮ ಗಂಟೆ ಬಾರಿಸಿತು. ಎರಡು ಸಾವಿರ ಇಸವಿಯಲ್ಲಿ ಜಗತ್ತಿನ ಕಂಪ್ಯೂಟರುಗಳ ಗಡಿಯಾರ ಕೆಡದಂತೆ ನೋಡಿಕೊಳ್ಳಲು ಸಂಬಳ ಪಡೆಯುವ ನಾನು ಮೂರು ನಿಮಿಷ ನೋಡಿಕೊಳ್ಳಲಾರದೆ ಹೋದೆ. ಉಳಿದ ಹದಿಮೂರು ಜನ ನನ್ನನ್ನೇ ಅನುಸರಿಸಿದರು. ಅಕ್ಷತಾ ಅವರಂತೂ ಅದುವರೆಗೆ ಮಾತಾಡಿದವರನ್ನೆಲ್ಲ ಹೆಸರು ಹಿಡಿದು ಅಭಿನಂದಿಸಿದರು. ಶ್ರೀನಿ ತಮಗೆ ಶಾಲು ಹೊದಿಸಲು ಹೊರಟಾಗ ತಮ್ಮ ವಕೀಲರು ಅಡ್ಡ ನಿಂತದ್ದನ್ನು ನಾವು ಅವರ ವಿನಯವೆಂದೇ ತಿಳಿದೆವು. ಅಷ್ಟರಲ್ಲಿ ಸಭೆಯ ಹೊತ್ತು ಮುಗಿದು, ವಿಚಾರಣೆ ನಾಲ್ಕು ವಾರ ಮುಂದೆ ಹೋಯಿತು.

ಹೊರಗೆ ಬಂದಾಗ ಚಿಕ್ಕತಾಯಮ್ಮನವರು ನನ್ನ ಕೈ ಹಿಡಿದುಕೊಂಡು, "ಎಲ್ಲಾರೂವೆ ಚೆಂದಾಗ್ ಮಾತಾಡುದ್ರಿ ಕಣಪ್ಪ. ನಮ್ ಚಪ್ಪರದ್ ಇಸ್ಯ ಯಾವಾಗ ಬತ್ತದೆ?" ಎಂದು ಕೇಳಿದರು. ಸಭೆಯಲ್ಲಿ ಸಾಕ್ಷ್ಯವೆಂದು ಗೋಡೆಯ ಮೇಲೆ ಹಾಕಿದ್ದ ಚಪ್ಪರದ ಫೋಟೋ ಕಡೆಗೆ ಒಬ್ಬರೂ ಕೈ ತೋರಿಸದಿದ್ದದ್ದನ್ನು ಅವರು ಕಂಡಿದ್ದರು. ಮಾನ್ಯರೇ, ನನಗೆ ನಾಚಿಕೆಯಾಯಿತು.

ಆದಕಾರಣ ಪ್ರಾರ್ಥನೆ: ವಂದನೆಗಳ ಹೊತ್ತನ್ನು ಗಡಿಯಾರದ ಲೆಕ್ಕಕ್ಕೆ ಹಿಡಿಯಬಾರದು. ಅದಾಗದಿದ್ದರೆ ಹೀರೆ ಬಳ್ಳಿಯನ್ನೇ ಕರೆಸಿ, ಅದರ ಬಲಗಡೆಯ ಕುಡಿಯನ್ನು ಎತ್ತಿಸಿ ಪ್ರಮಾಣ ತೆಗೆದುಕೊಂಡು ಮೂರು ನಿಮಿಷ ಕೊಡಬೇಕು. ಅದು ನಮ್ಮಷ್ಟು ಸುತ್ತಿ ಬಳಸಿ ಹೋಗುವುದಿಲ್ಲ.

ಬಲಗೈ ಎತ್ತಿಕೊಂಡೇ ಎಡಗೈಯಲ್ಲಿ ಸಹಿ ಮಾಡುತ್ತಿರುವ,
ತಮ್ಮ ವಿಶ್ವಾಸಿ,
ಮೃತ್ಯುಂಜಯ

ತಾ.ಕ.: ಬೀಜದ ಕಾಯಿ ಒಣಗಲು ಇನ್ನೂ ಐದು ವಾರ ಬೇಕೆಂದು ಚಿಕ್ಕತಾಯಮ್ಮನವರು ಈಗ ತಾನೇ ಬೇಲಿಯಾಚೆಯಿಂದ ತಿಳಿಸಿದರು. ತಮ್ಮ ಮುಂದಿನ ಸಭೆ ನಾಲ್ಕೇ ವಾರಕ್ಕಿದೆ. ಆದ್ದರಿಂದ ಮೇಲಿನ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಗಡಿಯಾರ ಹಾಗೆಯೇ ಇರಲಿ. ಈ ಸಲ ಇಪ್ಪತ್ತೆರಡು ಜನ ಬರುತ್ತಿದ್ದೇವೆ. ಹೋದ ಸಲ ಆದದ್ದು ಬರೀ ಸ್ವಾಗತ. ಪ್ರಾಸ್ತಾವಿಕ ನುಡಿ ಮತ್ತು ವಂದನಾರ್ಪಣೆ ಇನ್ನೂ ಬಾಕಿ ಇವೆ.